ಆಡಿದ ನೆನಪಿಲ್ಲದ ಮಾತು

ಎಚ್ಚರವಾದಾಗ ಇನ್ನಾಸಪ್ಪನ ಮೈಮೇಲೆ ಅಂಗಿ ಇರಲಿಲ್ಲ, ಆದರೆ ಕುತ್ತಿಗೆಯಲ್ಲಿ ಟೈ ಇತ್ತು. ಬನಿಯನ್ನಿನ ಮೇಲೆ ನೀಟಾಗಿ ಮಲಗಿದ್ದ ಆ ಕೆಂಪು ಟೈಯನ್ನು ಅವನು ಬೇರೆ ಯಾರದೋ ವಸ್ತುವಿನಂತೆ ಬೆರಳಿನಿಂದ ಮುಟ್ಟಿ ನೋಡಿದ. ಟೈ ಬಿಚ್ಚದೆ ಅಂಗಿಯನ್ನು ಮಾತ್ರ ತೆಗೆಯಲು ಸಾಧ್ಯವೇ, ತೆಗೆದದ್ದು ತಾನೋ ಹೆಂಡತಿಯೋ ಎಂದು ಯೋಚಿಸಲು ಹೋದರೆ ಹಣೆಯೊಳಗೆ ಏನೋ ಭಾರವಾದದ್ದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಉರುಳಿತು. ಬಾಯಿ ಹುಳಿಹುಳಿಯಾಗಿತ್ತು. ಕಿಟಕಿಯಾಚೆ ವಿಜಯನಗರದ ಸೋಮವಾರ ಅವನನ್ನು ಕಾಯದೆ ಶುರುವಾಗಿ, ಸೊಪ್ಪಿನ ಗಾಡಿ ಹೋಗಿ, ಶಾಲೆಯ ವ್ಯಾನುಗಳು ಹೋಗಿ, ಈಗ ಬಿಸಿಲು ಎದುರುಮನೆಯ ನೀರಿನ ಟ್ಯಾಂಕಿನ ಮೇಲೆ ಹತ್ತಿ ಕೂತಿತ್ತು. ಅರವತ್ತು ದಾಟಿದ ಇನ್ನಾಸಪ್ಪ ನಿನ್ನೆಯವರೆಗೆ ಕುಡಿದವನಲ್ಲ. ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತನಾಗುವವರೆಗೂ, ಪಾರ್ಟಿಗಳಲ್ಲಿ ಎಲ್ಲರ ಗ್ಲಾಸು ಮೇಲೆದ್ದಾಗ ಇವನದರಲ್ಲಿ ಮಾತ್ರ ಸೋಡಾ. ಚರ್ಚಿನಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಂದು ಕುಡಿತದ ವಿರುದ್ಧ ಮಾತಾಡಲು ಫಾದರ್ ಕರೆಯುತ್ತಿದ್ದದ್ದು ಇವನನ್ನೇ. ಕುಡುಕರಿಗೆ ದೇವರ ರಾಜ್ಯದಲ್ಲಿ ಪಾಲಿಲ್ಲ ಎಂದು ಸಂತ ಪೌಲರು ಬರೆದದ್ದನ್ನು ಅವನು ಹೇಳುವಾಗ ಹಿಂದಿನ ಬೆಂಚಿನಲ್ಲಿ ಕೂತ ಕೆಲವು ಗಂಡಸರು ತಲೆ ತಗ್ಗಿಸುತ್ತಿದ್ದರು. ತಗ್ಗಿದ ತಲೆಗಳನ್ನು ಕಂಡಾಗ ತನ್ನ ದನಿ ಇನ್ನಷ್ಟು ಸ್ಪಷ್ಟವಾಗುತ್ತಿತ್ತು ಎಂಬುದು ಈಗ, ಟೈ ಬಿಚ್ಚುತ್ತಿರುವಾಗ, ಯಾಕೋ ನೆನಪಾಯಿತು.

ನಿನ್ನೆ ಕೆಂಗೇರಿಯ ಕಮ್ಯುನಿಟಿ ಹಾಲಿನಲ್ಲಿ ತಂಗಿ ರೀತಮ್ಮನ ಮಗಳ ಮದುವೆಯ ರಿಸೆಪ್ಷನ್ನು. ಸೋದರಮಾವ ಗ್ಲಾಸು ಎತ್ತಿ ಟೋಸ್ಟ್ ಹೇಳಬೇಕೆಂದು ಮೈಕು ಕೊಟ್ಟರು. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದುಹೋದಾಗ ಯೇಸುಸ್ವಾಮಿ ನೀರನ್ನೇ ದ್ರಾಕ್ಷಾರಸ ಮಾಡಿದರು, ಬಂದವರನ್ನು ಹಾಗೇ ಕಳಿಸಲಿಲ್ಲ ಎಂದು ಇನ್ನಾಸಪ್ಪ ಹೇಳಿದ, ಜನ ಚಪ್ಪಾಳೆ ತಟ್ಟಿದರು, ಅಷ್ಟು ಹೇಳಿ ಕೈಯಲ್ಲಿದ್ದ ಗ್ಲಾಸನ್ನು ಹಾಗೇ ಕೆಳಗಿಡಲು ನಾಚಿಕೆಯಾಯಿತು. ಮನೆಯಲ್ಲಿ ಮಾಡಿದ ಕಪ್ಪುದ್ರಾಕ್ಷಿಯ ವೈನು. ಸಿಹಿಯಾಗಿತ್ತು. ಯಾರೋ ಮತ್ತೆ ತುಂಬಿದರು. ಆಮೇಲೆ ಗಂಡಿನ ಕಡೆಯ ದಪ್ಪ ಮೀಸೆಯವರೊಬ್ಬರು ಹೆಗಲ ಮೇಲೆ ಕೈಹಾಕಿ ಕಾರು ನಿಲ್ಲಿಸುವ ಜಾಗಕ್ಕೆ ಕರೆದೊಯ್ದದ್ದು, ಕಾರಿನ ಡಿಕ್ಕಿ ತೆರೆದದ್ದು, ಬ್ರಾಂದಿಯ ಘಾಟು. ಅಲ್ಲಿಂದ ಮುಂದಕ್ಕೆ ಏನೂ ಇಲ್ಲ. ಆ ಇಲ್ಲದಿರುವುದನ್ನು ಇನ್ನಾಸಪ್ಪ ಹಾಸಿಗೆಯ ಅಂಚಿನಲ್ಲಿ ಕೂತು ಕುತೂಹಲದಿಂದ ತಡವಿದ. ನಿದ್ದೆಯಾದರೆ ಎದ್ದ ಮೇಲೆ ನಿದ್ದೆ ಮಾಡಿದೆ ಎಂದಾದರೂ ಗೊತ್ತಿರುತ್ತದೆ. ಇದು ಹಾಗಲ್ಲ. ಆ ಹೊತ್ತಿನಲ್ಲಿ ತನ್ನ ಕಾಲುಗಳು ನಡೆದಿವೆ, ಬಾಯಿ ಏನೋ ಹೇಳಿದೆ, ಎದುರಿನವರು ಅದಕ್ಕೆ ಉತ್ತರ ಕೊಟ್ಟಿದ್ದಾರೆ. ಅಲ್ಲಿದ್ದವರೆಲ್ಲರೂ ಅದಕ್ಕೆ ಸಾಕ್ಷಿ, ತನ್ನೊಬ್ಬನನ್ನು ಬಿಟ್ಟು.

ಸಹಾಯಮ್ಮ ನಿಂಬೆಹಣ್ಣಿನ ಪಾನಕ ತಂದಿಟ್ಟಳು. ಬೈಗುಳಕ್ಕೆ ಸಿದ್ಧನಾಗಿ ಕೂತವನಿಗೆ ಅವಳ ಮುಖ ಕಂಡು ಗೊಂದಲವಾಯಿತು. ಅವಳು ನಗುವನ್ನು ತಡೆದುಕೊಂಡಿದ್ದಳು.

"ತಲೆನೋವಾ?"

"ಇಲ್ಲ. ಸ್ವಲ್ಪ. ನಿನ್ನೆ ನಾನು..." ಎಂದು ನಿಲ್ಲಿಸಿದ.

"ಎಲ್ಲಾ ನೆನಪಿದೆ ತಾನೆ ನಿಮಗೆ?"

"ಇದೆ, ಇದೆ" ಎಂದುಬಿಟ್ಟ. ಮದುವೆಯಾಗಿ ಇಷ್ಟು ವರ್ಷವಾದರೂ ಇವಳ ಮುಂದೆ ಸುಳ್ಳು ಹೇಳುವ ಅಭ್ಯಾಸ ಅವನಿಗಾಗಿರಲಿಲ್ಲ. ನಾಲಿಗೆ ತಾನಾಗಿ ಹೇಳಿತ್ತು.

"ಒಳ್ಳೇದಾಯ್ತು ಬಿಡಿ. ಮಟನ್ ತರಕ್ಕೆ ಹೋಗ್ತಾ ಇದೀನಿ. ಭಾವ ಖಾರ ತಿಂತಾರೋ ಇಲ್ವೋ ಈಗ? ಹೊಟ್ಟೆ ಆಪರೇಷನ್ ಆಗಿತ್ತು ಅಂತ ರೀತಾ ಹೇಳ್ತಿದ್ದಳು. ನೀವೇ ಮಧ್ಯಾಹ್ನಕ್ಕೆ ಬಾ ಅಂತ ಕರೆದ್ರಿ, ಕೇಳ್ಕೊಂಡಿದ್ರೆ ಚೆನ್ನಾಗಿತ್ತು."

ಅವಳು ಚೀಲ ಹಿಡಿದು ಮೆಟ್ಟಿಲಿಳಿದು ಹೋದ ಮೇಲೂ ಆ ಮಾತು ಕೋಣೆಯಲ್ಲೇ ಇತ್ತು. ಸಹಾಯಮ್ಮ ಭಾವ ಎನ್ನುವುದು ಒಬ್ಬನನ್ನೇ. ಬಿನ್ನಿಪೇಟೆಯ ಹಳೆಯ ಮಿಲ್ಲಿನ ಹಿಂದಿನ ಗಲ್ಲಿಯಲ್ಲಿರುವ ಚೌರಪ್ಪ, ಇನ್ನಾಸಪ್ಪನ ಒಡಹುಟ್ಟಿದ ಅಣ್ಣ. ಅಮ್ಮನನ್ನು ಮಣ್ಣು ಮಾಡಿದ ದಿನ ಅವನು ಸಮಾಧಿಸ್ಥಳಕ್ಕೆ ಕುಡಿದು ಬಂದಿದ್ದ. ಅಂದಿನಿಂದ ಅಣ್ಣತಮ್ಮಂದಿರು ಮಾತಾಡಿರಲಿಲ್ಲ. ರೀತಮ್ಮನ ಮನೆಯ ಸಮಾರಂಭಗಳಲ್ಲಿ ಒಬ್ಬ ಬಂದು ಹೋದ ಮೇಲೆ ಇನ್ನೊಬ್ಬ ಬರುವುದು, ಇಬ್ಬರೂ ಇರಲೇಬೇಕಾದರೆ ಹಾಲಿನ ಎರಡು ತುದಿಗಳಲ್ಲಿ ಕೂರುವುದು ಎಷ್ಟು ರೂಢಿಯಾಗಿತ್ತೆಂದರೆ ಮಕ್ಕಳು ಅದನ್ನು ಮನೆಯ ಪದ್ಧತಿಯಂತೆ ಒಪ್ಪಿಕೊಂಡಿದ್ದರು. ತಪಸ್ಸುಕಾಲದ ಭಾಷಣದಲ್ಲಿ ಹೆಸರು ಹೇಳದೆ ಇನ್ನಾಸಪ್ಪ ಬಣ್ಣಿಸುತ್ತಿದ್ದ ಕುಡುಕನಿಗೆ ಚೌರಪ್ಪನದೇ ಮುಖ, ಅವನದೇ ತೊದಲು. ಅಂಥವನನ್ನು ತಾನು ಮನೆಗೆ ಊಟಕ್ಕೆ ಕರೆದಿದ್ದೇನೆ. ಕರೆದದ್ದು ತಾನೇ?

ಸ್ನಾನ ಮಾಡಿ ಚರ್ಚಿನ ಕಡೆಗೆ ಹೊರಟ. ಕೆಳಗಿನ ಮನೆಯ ಧನ್ಯಶ್ರೀ ಸ್ಕೂಟರು ಒರೆಸುತ್ತಿದ್ದವಳು ಇವನನ್ನು ಕಂಡು ಬಟ್ಟೆ ಹಿಡಿದ ಕೈಯನ್ನೇ ಎತ್ತಿ, "ಅಂಕಲ್, ನಿನ್ನೆ ಡ್ಯಾನ್ಸು ಸೂಪರ್! ನಾವೆಲ್ಲ ಶಾಕು" ಎಂದಳು. ಇನ್ನಾಸಪ್ಪ ಮುಗುಳ್ನಕ್ಕು ತಲೆಯಾಡಿಸಿದ. ಕುಣಿದೂ ಇದ್ದೇನೆ. ಮಾರ್ಕೆಟ್ ರಸ್ತೆಯಲ್ಲಿ ಹೂವಿನವರು, ಬಾಳೆಹಣ್ಣಿನವರು, ಹೆಲ್ಮೆಟ್ಟಿನೊಳಗೇ ಫೋನು ಸಿಕ್ಕಿಸಿಕೊಂಡು ಉತ್ತರ ಕರ್ನಾಟಕದ ಮಾತಿನಲ್ಲಿ ವಿಳಾಸ ಕೇಳುತ್ತಿದ್ದ ಡೆಲಿವರಿ ಹುಡುಗರು, ತಲೆಯ ಮೇಲೆ ಮೆಟ್ರೋ. ಎಲ್ಲರೂ ತಾವು ಮಾಡುತ್ತಿರುವುದನ್ನು ತಾವೇ ಮಾಡುತ್ತಿದ್ದೇವೆ ಎಂಬ ಭರವಸೆಯಲ್ಲಿರುವಂತೆ ಕಂಡರು. ಇವರಲ್ಲಿ ಯಾರಾದರೂ ನಿನ್ನೆ ಆ ಹಾಲಿಗೆ ಬಂದಿದ್ದರೆ ತನ್ನ ಬಗ್ಗೆ ತನಗಿಂತ ಹೆಚ್ಚು ಗೊತ್ತಿರುತ್ತಿತ್ತು. ಕುಡಿದವನನ್ನು ಕಂಡು ನಗುವ ಜನರ ನಡುವೆ ತಾನು ಎಷ್ಟು ಸಲ ನಿಂತಿದ್ದೇನೆ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟ.

ಫಾದರ್ ಸ್ತನಿಸ್ಲಾಸ್ ಪೈಪು ಹಿಡಿದು ಗುಲಾಬಿ ಗಿಡಗಳಿಗೆ ನೀರು ಬಿಡುತ್ತಿದ್ದರು. ಇನ್ನಾಸಪ್ಪನ ಮಗನ ವಯಸ್ಸಿನವರು, ಧರ್ಮಕೇಂದ್ರಕ್ಕೆ ಬಂದು ವರ್ಷವಾಗಿತ್ತಷ್ಟೆ.

"ಫಾದರ್, ಕುಡಿಯೋದು ಪಾಪನಾ?"

"ನೀವು ಕೇಳ್ತಾ ಇದೀರಾ ಇದನ್ನ?" ಫಾದರ್ ನಕ್ಕರು. "ಶುಕ್ರವಾರ ಶುಕ್ರವಾರ ನಮಗೆಲ್ಲ ಹೇಳಿಕೊಟ್ಟೋರು ನೀವೇ ಅಲ್ವಾ?"

"ಆವಾಗ ಗೊತ್ತಿತ್ತು. ಇವತ್ತು ಕೇಳ್ತಾ ಇದೀನಿ."

ಫಾದರ್ ಅವನ ಮುಖವನ್ನು, ಕೆಂಪಾದ ಕಣ್ಣುಗಳನ್ನು ನೋಡಿದರು, ನಗು ನಿಂತಿತು. "ಕುಡಿಯೋದೇ ಪಾಪ ಅಂದ್ರೆ ದಿನಾ ಬೆಳಿಗ್ಗೆ ಬಲಿಪೀಠದ ಮುಂದೆ ನಾನು ಕುಡಿಯೋದೇನು ಹೇಳಿ. ದ್ರಾಕ್ಷಾರಸ ದೇವರು ಕೊಟ್ಟಿದ್ದೇ. ಮಿತಿ ಮೀರೋದು ಪಾಪ. ಬುದ್ಧಿ ಕೊಟ್ಟಿದಾನಲ್ಲ, ಅದನ್ನ ಬೇಕಂತಲೇ ಕೈಬಿಡೋದು."

"ಮಿತಿ ಎಲ್ಲಿರುತ್ತೆ?"

"ಒಬ್ಬೊಬ್ಬರಿಗೆ ಒಂದೊಂದು ಕಡೆ."

"ನನ್ನದು ಎಲ್ಲಿತ್ತು ಅಂತ ನನಗೆ ಗೊತ್ತಾಗ್ಲೇ ಇಲ್ಲ ಫಾದರ್. ಇಲ್ಲಿದೆ, ನಿಲ್ಲು ಅಂತ ಹೇಳಬೇಕಾದ ಬುದ್ಧಿನೇ ಮೊದಲು ಹೋಗಿಬಿಡುತ್ತೆ. ಹೋಗಿದ್ದು ಗೊತ್ತಾಗೋದು ಬೆಳಿಗ್ಗೆ. ಹಾಗಾದ್ರೆ ಪಾಪ ಆಗಿದ್ದು ಯಾವ ಗ್ಲಾಸಲ್ಲಿ?"

ಫಾದರ್ ಪೈಪನ್ನು ಮುಂದಿನ ಗಿಡದ ಬುಡಕ್ಕಿಟ್ಟು ಕಟ್ಟೆಯ ಮೇಲೆ ಕೂತರು, ಇವನನ್ನೂ ಕೂರಿಸಿದರು. ಮಾರಕ ಪಾಪವಾಗಬೇಕಾದರೆ ವಿಷಯ ದೊಡ್ಡದಿರಬೇಕು, ತಪ್ಪೆಂದು ಗೊತ್ತಿರಬೇಕು, ಗೊತ್ತಿದ್ದೂ ಮನಸ್ಸು ಪೂರ್ತಿ ಒಪ್ಪಿರಬೇಕು ಎಂದು ವಿವರಿಸಿದರು. ಇಷ್ಟು ಕುಡಿದರೆ ಏನಾಗುತ್ತದೆಂದು ತಿಳಿಯದವನ ತಪ್ಪು ಹಗುರ. ನೋಹನಂಥ ನೀತಿವಂತನೂ ತಾನು ನೆಟ್ಟ ತೋಟದ ದ್ರಾಕ್ಷಾರಸ ಕುಡಿದು ಮೈಮೇಲೆ ಬಟ್ಟೆಯಿಲ್ಲದೆ ಬಿದ್ದಿದ್ದ. ಇನ್ನಾಸಪ್ಪ ಗಮನವಿಟ್ಟು ಕೇಳಿದ. ಹಗುರ ಎಂಬ ಮಾತಿನಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ತಾನು ಕೇಳಬೇಕೆಂದಿದ್ದದ್ದು ಬೇರೆ.

"ಚಟಕ್ಕೆ ಬಿದ್ದೋರಿಗೆ? ಅವರ ಮನಸ್ಸು ಪೂರ್ತಿ ಒಪ್ಪಿರುತ್ತಾ?"

"ಎಷ್ಟು ಒಪ್ಪಿರುತ್ತೋ ಯಾರಿಗೆ ಗೊತ್ತು. ಕಾಯಿಲೆ ಎಷ್ಟು, ಪಾಪ ಎಷ್ಟು ಅಂತ ಅಳೆಯೋ ತಕ್ಕಡಿ ನನ್ನತ್ರ ಇಲ್ಲ. ಪೌಲರು ಕುಡುಕರು ಅಂತ ಬರೆದ್ರು, ನಿಜ. ಯಾವ ಕುಡುಕ ಅಂತ ಹೆಸರು ಬರೀಲಿಲ್ಲ. ನಾನೂ ಬರಿಯಕ್ಕೆ ಹೋಗಲ್ಲ."

ನೀರು ಗಿಡದ ಬುಡ ತುಂಬಿ ಕಾಲುದಾರಿಗೆ ಹರಿಯತೊಡಗಿತ್ತು. ಇನ್ನಾಸಪ್ಪ ಅದನ್ನೇ ನೋಡುತ್ತ ಕೇಳಿದ: "ಇನ್ನೊಂದು. ಕುಡಿದಾಗ ಮಾಡಿದ ಕೆಟ್ಟದಕ್ಕೆ ನಾನೇ ಹೊಣೆ ಅಂತೀರಿ. ಸರಿ. ಕುಡಿದಾಗ ಒಂದು ಒಳ್ಳೇದು ಮಾಡಿಬಿಟ್ಟಿದ್ರೆ? ಮೈಮೇಲೆ ಜ್ಞಾನ ಇದ್ದಾಗ ಯಾವತ್ತೂ ಮಾಡದೇ ಇರೋದು? ಅದು ನನ್ನದಾ?"

ಫಾದರ್ ಎದ್ದು ಹೋಗಿ ನಲ್ಲಿ ನಿಲ್ಲಿಸಿ ಬಂದರು. "ಇದನ್ನ ನಮಗೆ ಸೆಮಿನರಿಯಲ್ಲಿ ಹೇಳಿಕೊಟ್ಟಿಲ್ಲ" ಎಂದರು ಕೊನೆಗೆ, ಬೇಸರವಿಲ್ಲದೆ. "ಪಾಪನಿವೇದನೆ ಮಾಡ್ತೀರಾ ಈಗ?"

"ಏನು ಮಾಡಿದೆ ಅಂತ ಮೊದಲು ತಿಳ್ಕೊಂಡು ಬರ್ತೀನಿ."

ಗೇಟು ದಾಟುವಷ್ಟರಲ್ಲಿ ರೀತಮ್ಮನ ಫೋನು ಬಂತು. ದನಿಯಲ್ಲಿ ಮಗಳನ್ನು ಕಳಿಸಿಕೊಟ್ಟ ಆಯಾಸ. "ಚಿಕ್ಕಣ್ಣ, ಅಮ್ಮ ಇರಬೇಕಿತ್ತು ನೋಡು. ಇಬ್ಬರೂ ಒಂದೇ ಟೇಬಲ್ಲಲ್ಲಿ ಕೂತಿದ್ದನ್ನ ನೋಡಬೇಕಿತ್ತು." ಇನ್ನಾಸಪ್ಪ ಮೆಟ್ರೋ ಕಂಬದ ನೆರಳಿಗೆ ಸರಿದು, ತನ್ನ ಕುತೂಹಲ ದನಿಯಲ್ಲಿ ತಿಳಿಯದಂತೆ, "ನಾನು ಸರಿಯಾಗಿ ಮಾತಾಡಿದ್ನಾ?" ಎಂದ. "ಸರಿಯಾಗೇನು! ಡ್ಯಾನ್ಸ್ ಮಾಡ್ತಾ ಇದ್ದೋನು ನಿಲ್ಲಿಸಿ, ಎಲ್ಲರನ್ನೂ ಸರಿಸ್ಕೊಂಡು ದೊಡ್ಡಣ್ಣನ ಹತ್ರ ಹೋದೆ. ನನಗೆ ಎದೆ ಧಸಕ್ ಅಂತು, ಹೊಡಿತಿಯೇನೋ ಅಂತ. ನೀನು ಅವನ ಮಂಡಿ ಹಿಡ್ಕೊಂಡು ನೆಲದ ಮೇಲೆ ಕೂತುಬಿಟ್ಟೆ. ಸಾಕು ಕಣೋ ಅಣ್ಣಾ, ನನಗೆ ಸಾಕಾಯ್ತು, ಮನೆಗೆ ಬಾ ಅಂದೆ. ಎಷ್ಟು ಸಲ ಅಂದೆ! ಆಮೇಲೆ ನಿನ್ನ ಎತ್ತಿ ಕಾರಿಗೆ ಕೂರಿಸಿದ್ದೂ ಅವನೇ. ಅವನು ಕುಡಿಯೋದು ಬಿಟ್ಟು ಎಷ್ಟೋ ವರ್ಷ ಆಯ್ತು, ನಾನು ಹೇಳಿದ್ರೆ ನೀನು ಕೇಳ್ತಾನೇ ಇರ್ಲಿಲ್ಲ."

ನನಗೆ ಸಾಕಾಯ್ತು. ಇನ್ನಾಸಪ್ಪ ಮನೆಯ ದಾರಿಯಲ್ಲಿ ಆ ಎರಡು ಪದಗಳನ್ನು ಬಾಯಲ್ಲಿ ಹೊರಳಿಸಿ ನೋಡಿದ. ಅವು ತನ್ನವೆಂದು ಅನ್ನಿಸಲಿಲ್ಲ, ಪರರವೆಂದೂ ಅನ್ನಿಸಲಿಲ್ಲ. ಹಾಲಿನ ಆ ತುದಿಯಲ್ಲಿ ಅಣ್ಣ ಕೂತಿದ್ದಾನೆಂದು ತಿಳಿದೇ ಈ ತುದಿಯಲ್ಲಿ ಕುರ್ಚಿ ತಿರುಗಿಸಿ ಕೂರುವುದು, ಅವನು ಕೈತೊಳೆಯಲು ಎದ್ದರೆ ತಾನು ಊಟ ನಿಧಾನ ಮಾಡುವುದು, ಇದಕ್ಕೆಲ್ಲ ಎಷ್ಟು ಶ್ರಮ ಬೇಕಾಗುತ್ತಿತ್ತು ಎಂದು ಈಗ ತಿಳಿಯಿತು. ಕುಡಿದದ್ದು ನಾನಲ್ಲ, ಅದೊಂದು ಮೈಮರೆವು ಎಂದು ಫಾದರ್ ಮುಂದೆ ಹೇಳಿ ಹಗುರಾಗಬಹುದು. ಹಾಗೆಂದರೆ ಅಣ್ಣನ ಮಂಡಿ ಹಿಡಿದವನೂ ನಾನಲ್ಲ. ನಾನೇ ಕುಡಿದೆ ಎಂದರೆ ಆ ಮಾತೂ ನನ್ನ ತಲೆಗೇ ಬರುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಲು ದಾರಿಯಿದೆಯೇ ಎಂದು ಮೆಟ್ಟಿಲು ಹತ್ತುವವರೆಗೂ ಹುಡುಕಿದ. ಇರಲಿಲ್ಲ. ಒಳಗಿನಿಂದ ಮಟನ್ ಸಾರಿನ ವಾಸನೆ, ಸಹಾಯಮ್ಮನ ಮಾತು, ಅದರ ಜೊತೆಗೆ ಇನ್ನೊಂದು ಗಂಡುದನಿ. ಅಣ್ಣ ಆಗಲೇ ಬಂದಿದ್ದ.

ಚೌರಪ್ಪ ಕುರ್ಚಿಯ ಅಂಚಿನಲ್ಲಿ, ಕೆಲಸ ಕೇಳಲು ಬಂದವನಂತೆ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಮೈಗಿಂತ ದೊಡ್ಡದಾಗಿತ್ತು. ಇಷ್ಟು ವರ್ಷ ಇನ್ನಾಸಪ್ಪ ದ್ವೇಷಿಸುತ್ತಿದ್ದದ್ದು ಊದಿದ ಕೆನ್ನೆಯ ಒಬ್ಬ ಮನುಷ್ಯನನ್ನು; ಈ ಸಣಕಲು ಮುದುಕ ಅವನ ಜಾಗದಲ್ಲಿ ಬಂದು ಕೂತದ್ದು ಯಾವಾಗ ಎಂದು ತಿಳಿಯದೆ ಬಾಗಿಲಲ್ಲೇ ನಿಂತ. ಸಹಾಯಮ್ಮ ಇಬ್ಬರಿಗೂ ಬಡಿಸಿ, ಒಲೆಯ ಮೇಲೆ ಏನೋ ಇದೆಯೆಂದು ಅಡುಗೆಮನೆಗೆ ಹೋದಳು; ಬೇಕೆಂದೇ ಹೋದಳು. ಇನ್ನಾಸಪ್ಪ ಊಟದ ಮುಂಚಿನ ಪ್ರಾರ್ಥನೆ ಹೇಳಿದ, ಚೌರಪ್ಪ ಶಿಲುಬೆಯ ಗುರುತು ಹಾಕಿಕೊಂಡ. ಇಬ್ಬರೂ ಉಣ್ಣತೊಡಗಿದರು.

"ನಿನಗೇನೂ ನೆನಪಿಲ್ಲ, ಅಲ್ವೇನೋ?" ಎಂದ ಚೌರಪ್ಪ, ತಲೆ ಎತ್ತದೆ, ಮೆಲ್ಲಗೆ.

ಇನ್ನಾಸಪ್ಪನ ಕೈ ನಿಂತಿತು. ಬೆಳಿಗ್ಗೆಯ ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಇಲ್ಲ ಅಣ್ಣ. ಏನೂ ಇಲ್ಲ. ರೀತಾ ಹೇಳಿದ್ಲು, ಅಷ್ಟೇ."

"ಗೊತ್ತಾಯ್ತು ನನಗೆ. ಕಾರಲ್ಲಿ ಕೂರಿಸಿದಾಗ ನಿನ್ನ ಕಣ್ಣು ನೋಡಿದೆ. ನನ್ನವೂ ಹಾಗೇ ಇರ್ತಿದ್ವು." ಅವನು ಅನ್ನವನ್ನು ಸಾರಿನಲ್ಲಿ ಕಲಸುತ್ತಲೇ ಇದ್ದ. "ಅದಕ್ಕೇ ಬರೋದಾ ಬೇಡ್ವಾ ಅಂತ ಬಸ್‌ಸ್ಟಾಪಲ್ಲಿ ಯೋಚ್ನೆ ಮಾಡ್ತಾ ನಿಂತಿದ್ದೆ. ನೀನು ಕರೀಲಿಲ್ಲ ಅಂದ್ರೂ ಪರವಾಗಿಲ್ಲ. ಉಂಡು ಹೋಗ್ತೀನಿ. ಸಹಾಯಮ್ಮನ ಹತ್ರ ಏನೂ ಹೇಳಲ್ಲ."

ಈಗ ಹೇಳಬೇಕು ಎಂದು ಇನ್ನಾಸಪ್ಪನಿಗೆ ಗೊತ್ತಿತ್ತು. ಎಚ್ಚರವಿರುವ ಬಾಯಿಂದ, ಹಗಲಿನಲ್ಲಿ. ಆದರೆ ಸಾಕಾಯ್ತು ಎಂಬ ಮಾತನ್ನು ಹುಡುಕಿ ಒಳಗೆ ಇಳಿದರೆ ಅಲ್ಲಿ ಸಿಕ್ಕಿದ್ದು ಹಳೆಯ ಸಿಟ್ಟೇ. ಅದು ಇನ್ನೂ ಬಿಸಿಯಾಗಿತ್ತು. ನಿನ್ನೆ ಇದನ್ನು ದಾಟಿ ಹೋದವನು ಯಾವ ಕಡೆಯಿಂದ ಹೋದ ಎಂದು ಕೇಳಲು ಆ ಮನುಷ್ಯ ಎಲ್ಲಿಯೂ ಇರಲಿಲ್ಲ.

"ಸಿಟ್ಟು ಹೋಗಿಲ್ಲ ಅಣ್ಣ ನನಗೆ" ಎಂದ.

"ಹೋಗಲ್ಲ ಬಿಡು, ಹ್ಯಾಗೆ ಹೋಗುತ್ತೆ." ಚೌರಪ್ಪ ಇದನ್ನೇ ನಿರೀಕ್ಷಿಸಿದವನಂತೆ ತಲೆದೂಗಿದ. ಆಮೇಲೆ ತುತ್ತನ್ನು ತಟ್ಟೆಗೆ ಬಿಟ್ಟು, ಮೊದಲ ಸಲ ತಮ್ಮನ ಮುಖ ನೋಡಿದ. "ಒಂದು ಕೇಳ್ಲಾ? ಅವತ್ತು ಏನಾಯ್ತು?"

"ಯಾವತ್ತು?"

"ಅಮ್ಮನ ಮಣ್ಣು ಮಾಡಿದ ದಿನ. ನನಗೂ ನೆನಪಿಲ್ಲ ಕಣೋ. ಬೆಳಿಗ್ಗೆ ಅಂಗಡಿ ಬಾಗಿಲು ತೆಗಿಯೋದನ್ನೇ ಕಾಯ್ತಾ ನಿಂತಿದ್ದು ಗೊತ್ತು. ಆಮೇಲೆ ಮನೆಯಲ್ಲಿ ಎದ್ದಿದ್ದು ಗೊತ್ತು, ಅಂಗಿ ಕಾಲರು ಹರಿದಿತ್ತು. ಮಧ್ಯದ್ದು ಇಲ್ಲ. ನಾನು ಕೆಟ್ಟದಾಗಿ ನಡ್ಕೊಂಡೆ ಅಂತ ಎಲ್ಲರೂ ಅಂದ್ರು. ಏನ್ ಮಾಡಿದೆ ಅಂತ ಯಾರೂ ಹೇಳ್ಲಿಲ್ಲ. ಕೇಳಕ್ಕೆ ನನಗೂ ಮುಖ ಇರ್ಲಿಲ್ಲ. ಅಮ್ಮನ ಪೆಟ್ಟಿಗೆ ಯಾವ ಬಣ್ಣ ಅಂತಾನೂ ನನಗೆ ಗೊತ್ತಿಲ್ಲ. ನೀನು ಪಕ್ಕದಲ್ಲೇ ಇದ್ದೆಯಂತೆ."

ಇನ್ನಾಸಪ್ಪ ಅಣ್ಣನ ಅಂಗಿಯ ಕಾಲರನ್ನು ನೋಡಿದ. ಬೆಳಿಗ್ಗೆಯಿಂದ ಒಂದು ಸಂಜೆಯ ಕೆಲವು ಗಂಟೆಗಳಿಗಾಗಿ ತಾನು ಪಟ್ಟ ಪಾಡು. ಇವನು ತಾಯಿಯ ಮಣ್ಣನ್ನೇ ಕಳೆದುಕೊಂಡು ಇಷ್ಟು ವರ್ಷ ಓಡಾಡಿದ್ದಾನೆ. ಅದನ್ನು ನೋಡಿದ ತಾನು ನೋಡಿದ್ದನ್ನು ಭಾಷಣ ಮಾಡಿ ಊರಿಗೆಲ್ಲ ಹಂಚಿದೆ, ಇವನಿಗೊಬ್ಬನಿಗೆ ಹೇಳಲಿಲ್ಲ.

"ಬಿಳಿ ಪೆಟ್ಟಿಗೆ" ಎಂದ. "ಮುಚ್ಚಳದ ಮೇಲೆ ಕಪ್ಪು ಶಿಲುಬೆ. ಬಿಸಿಲು ಜೋರಿತ್ತು. ಫಾದರ್ ತೀರ್ಥ ಹಾಕಿ ಆಗಿತ್ತು, ಪೆಟ್ಟಿಗೆ ಕೆಳಗೆ ಇಳಿಸಿ ಹಗ್ಗ ಮೇಲಕ್ಕೆ ಎಳ್ಕೊಂಡ್ರು. ಆಗ ನೀನು ಬಂದೆ. ಎಲ್ಲರನ್ನೂ ತಳ್ಕೊಂಡು ಬಂದೆ. ನೇರ ಗುಂಡಿ ಅಂಚಿಗೆ ಬಂದು, ಬೀಳಕ್ಕೆ..."

ಬೀಳಕ್ಕೆ ಹೋದೆ. ಹಾಗೆಂದೇ ಅವನು ಯಾವಾಗಲೂ ಹೇಳಿದ್ದು. ಕುಡಿದ ಅಮಲಿನಲ್ಲಿ ಹೆತ್ತತಾಯಿಯ ಗುಂಡಿಗೆ ಉರುಳಿದ ಮಗ. ಚರ್ಚಿನಲ್ಲಿ ಆ ವಾಕ್ಯಕ್ಕೆ ಜನ ಚ್ಚ್ ಎನ್ನುತ್ತಿದ್ದರು. ಆದರೆ ಅದನ್ನು ನೋಡದವರಿಗೆ ಹೇಳುವುದು ಬೇರೆ, ಮಾಡಿದವನ ಮುಖ ನೋಡಿಕೊಂಡು ಹೇಳುವುದು ಬೇರೆ. ಇನ್ನಾಸಪ್ಪ ಕಣ್ಣು ಮುಚ್ಚಿಕೊಂಡು ಆ ಬಿಸಿಲಿನಲ್ಲಿ ಮತ್ತೊಮ್ಮೆ ನಿಂತ.

"ತಡಿ. ನೀನು ಚಪ್ಪಲಿ ಬಿಟ್ಟೆ" ಎಂದ ನಿಧಾನವಾಗಿ. "ಅಂಚಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ ಎರಡನ್ನೂ ಜೋಡಿಸಿ ಇಟ್ಟೆ. ಆಮೇಲೆ ಕೂತ್ಕೊಂಡೆ. ಕಾಲು ಒಳಗೆ ಇಳಿಬಿಟ್ಟೆ, ಎರಡು ಕೈನೂ ಮಣ್ಣಲ್ಲಿ ಊರಿದ್ದೆ. ನಾನು ಕಾಲರ್ ಹಿಡಿದು ಎಳೆದೆ, ಅದು ಹರೀತು." ಅವನು ಕಣ್ಣು ತೆರೆದ. "ನೀನು ಬೀಳ್ಲಿಲ್ಲ ಅಣ್ಣ. ಇಳಿಯಕ್ಕೆ ಹೋದೆ. ಅಮ್ಮನ ಹತ್ರ ಇಳಿಯಕ್ಕೆ ಹೋಗ್ತಿದ್ದೆ."

ಚೌರಪ್ಪ ಸಾರು ಹತ್ತಿದ ಕೈಯನ್ನು ಗಾಳಿಯಲ್ಲಿ ಹಾಗೇ ಹಿಡಿದುಕೊಂಡಿದ್ದ. ಅದು ಕುಡಿತದ ಪಾಪವನ್ನು ಕಡಿಮೆ ಮಾಡುತ್ತದೆಯೋ ಇಲ್ಲವೋ ಇನ್ನಾಸಪ್ಪನಿಗೆ ತಿಳಿಯಲಿಲ್ಲ. ನಾಳೆ ಫಾದರ್ ಬಳಿ ಕೇಳಿದರೂ ಬಹುಶಃ ತಿಳಿಯುವುದಿಲ್ಲ. ತಾನು ಎಚ್ಚರವಿದ್ದು ಆಡಿದ ಮಾತುಗಳ ಬಗ್ಗೆ ಮಾತ್ರ ಅಲ್ಲಿ ಹೇಳಬೇಕಾದದ್ದು ಬಹಳವಿತ್ತು.

ಸಹಾಯಮ್ಮ ಅನ್ನದ ಪಾತ್ರೆ ಹಿಡಿದು ಬಂದಳು. ಇಬ್ಬರ ಮುಖ ನೋಡಿ, "ಏನಾಯ್ತು?" ಎಂದಳು.

"ಅಮ್ಮನ ಮಣ್ಣಿನ ದಿನದ್ದು ಹೇಳ್ತಿದ್ದೆ. ಅಣ್ಣ ಕೇಳ್ದ. ಕೊನೆಗೆ ಮರಿಯಮ್ಮನ ಹಾಡು ಹೇಳಿದ್ರಲ್ಲ, ಅದೊಂದು ಬಾಕಿ."

"ಮರಿಯಮ್ಮನ ಹಾಡು ಮನೆಯಿಂದ ಹೊರಡೋವಾಗ ರೀ. ಅಲ್ಲಿ ಹೇಳಿದ್ದು ಬೇರೆ."

"ಅಲ್ಲೇ ಹೇಳಿದ್ದು. ನಾನು ಪಕ್ಕದಲ್ಲಿ ನಿಂತಿದ್ದೆ."

"ಹಾಡಿದವಳು ನಾನು, ನನಗೆ ಗೊತ್ತಿಲ್ವಾ?" ಅವಳು ಪಾತ್ರೆ ಕೆಳಗಿಟ್ಟು ಕುರ್ಚಿ ಎಳೆದು ಕೂತಳು. ಅತ್ತೆಗೆ ಉಡಿಸಿದ್ದು ಹಸಿರು ಸೀರೆ ಎಂದಳು, ಇನ್ನಾಸಪ್ಪ ನೀಲಿ ಎಂದ. ಕೈಗೆ ಜಪಸರ ಸುತ್ತಿದ್ದು ರೀತಮ್ಮ ಎಂದ, ಅವಳು ಅಲ್ಲವೆಂದಳು. ಚೌರಪ್ಪ ಉಣ್ಣುವುದನ್ನು ಮರೆತು, ಮಾತು ಹೊರಟ ಕಡೆಗೆಲ್ಲ ಮುಖ ತಿರುಗಿಸುತ್ತ, ಒಬ್ಬರಾದ ಮೇಲೆ ಒಬ್ಬರ ಬಾಯನ್ನು ನೋಡುತ್ತಿದ್ದ.

"ಜಗಳ ಆಡಬೇಡ್ರೋ" ಎಂದ ಕೊನೆಗೆ. "ಮೊದಲಿಂದ ಹೇಳಿ. ಅಮ್ಮ ಕೊನೇ ದಿನ ಬೆಳಿಗ್ಗೆ ಎದ್ದಾಗಿಂದ ಹೇಳಿ."

ಇನ್ನಾಸಪ್ಪ ಅಣ್ಣನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿ, ಮೊದಲಿಂದ ಶುರು ಮಾಡಿದ.